ಏರಿಯೂ ಇಳಿಯಬಲ್ಲವರು



ಬಸಪ್ಪ ದಾನಪ್ಪ ಜತ್ತಿಯವರ ಹೆಸರನ್ನು ಅರಿಯದವರು ತಮ್ಮಲ್ಲಿ ವಿರಳ. ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ 1912ರಲ್ಲಿ ಜನಿಸಿದ ಅವರು ಯಾವ ಯಾವ ಪದವಿಗೇರಿದರೆಂಬುದನ್ನು ಮಠದ ವಿದ್ಯಾರ್ಥಿ ನಿಲಯದಲ್ಲಿ ನಾವು ಬಾಯಿಪಾಠ ಮಾಡಿದ್ದೆವು. ಆದರೆ ಅವರು ಎಷ್ಟು ಸಲ ಕೆಳಗಿಳಿದರೆಂಬುದನ್ನು ನಾನು ಬಹುಕಾಲ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಕೊಲ್ಹಾಪುರದಲ್ಲಿ ಕಾನೂನು ಓದಿ ಬಂದು ಜಮಖಂಡಿಯಲ್ಲಿ ವಕೀಲಿ ಹೂಡಿದ ಜತ್ತಿಯವರು 1940ರಲ್ಲಿ ಅಲ್ಲಿಯ ಪುರಸಭೆಯ ಸದಸ್ಯರಾದರು. ಮುಂದೆ ಅಧ್ಯಕ್ಷರೂ ಆದರು. ಪುರಸಭೆಯೆಂದರೆ ಬೀದಿದೀಪ, ಗಟಾರ, ಕುಡಿಯುವ ನೀರು. ಮತ ಕೊಟ್ಟವನು ಮರುದಿನ ಬೆಳಿಗ್ಗೆ ಮನೆಯ ಬಾಗಿಲಿಗೇ ಬಂದು ನಿಲ್ಲುವ ಜಾಗ. ಅಲ್ಲಿಂದ ಸಂಸ್ಥಾನದ ಶಾಸನಸಭೆ, ಮಂತ್ರಿಪದವಿ, ಕಡೆಗೆ ದಿವಾನಗಿರಿ. 1948ರ ಮಾರ್ಚಿಯಲ್ಲಿ ಜಮಖಂಡಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ ದಿವಾನಗಿರಿಯೇ ಇಲ್ಲವಾಯಿತು. ಜತ್ತಿಯವರು ಮರಳಿ ವಕೀಲಿಗೆ ಹೋದರು. ಸುಮಾರು ಇಪ್ಪತ್ತು ತಿಂಗಳು ಅದನ್ನೇ ನಡೆಸಿದರು. ಆಮೇಲಷ್ಟೇ ವಿಲೀನಗೊಂಡ ಪ್ರದೇಶದ ಪ್ರತಿನಿಧಿಯಾಗಿ ಮುಂಬಯಿ ವಿಧಾನಸಭೆಗೆ ನಾಮಕರಣಗೊಂಡರು. 1952ರ ಚುನಾವಣೆಯ ಬಳಿಕ ಆರೋಗ್ಯ ಮತ್ತು ಕಾರ್ಮಿಕ ಖಾತೆಗಳ ಉಪಮಂತ್ರಿಗಳಾದರು.

ಏಕೀಕರಣದ ತರುವಾಯ ಭೂಸುಧಾರಣಾ ಸಮಿತಿಯ ಅಧ್ಯಕ್ಷತೆ, 1958ರ ಮೇ ತಿಂಗಳಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿ ಸ್ಥಾನ. ಹಳ್ಳಿಗೆ ಪಂಚಾಯಿತಿ, ತಾಲ್ಲೂಕಿಗೆ ಬೋರ್ಡು, ಜಿಲ್ಲೆಗೆ ಅಭಿವೃದ್ಧಿ ಪರಿಷತ್ತು ಎಂದು ಏರ್ಪಡಿಸಿದ 1959ರ ಕಾಯಿದೆ ಬಂದುದು ಅವರ ಆಡಳಿತದಲ್ಲಿಯೇ. ಪುರಸಭೆಯ ಕುರ್ಚಿಯಲ್ಲಿ ಕುಳಿತಿದ್ದವರ ಕಾಲದಲ್ಲಿ ಅದು ಬಂದುದು ನನಗೆ ಆಕಸ್ಮಿಕವೆಂದು ತೋರುವುದಿಲ್ಲ. 1961ರ ಭೂಸುಧಾರಣಾ ಕಾಯಿದೆ ಮಾತ್ರ ಜಾರಿಗೆ ಬಂದುದು 1965ರಲ್ಲಿ. ಗೇಣಿದಾರನ ಪಾಲಿಗೆ ಅದು ತಡವೇ ಆಯಿತೆಂದು ಹೇಳದೆ ವಿಧಿಯಿಲ್ಲ.

1962ರಲ್ಲಿ ಮುಖ್ಯಮಂತ್ರಿ ಸ್ಥಾನ ಕೈಬಿಟ್ಟಿತು. ಅದೇ ವರ್ಷ ಅವರು ನಿಜಲಿಂಗಪ್ಪನವರ ಮಂತ್ರಿಮಂಡಲದಲ್ಲಿ ಹಣಕಾಸಿನ ಮಂತ್ರಿಗಳಾದರು. ತಾವು ನಡೆಸಿದ್ದ ಸಭೆಯಲ್ಲಿ ಇನ್ನೊಬ್ಬರ ಅಧ್ಯಕ್ಷತೆಯಡಿ ಕುಳಿತುಕೊಳ್ಳುವುದು ಎಷ್ಟು ಕಠಿಣವೆಂಬುದನ್ನು ಬಲ್ಲವರೇ ಬಲ್ಲರು! ಬಸವ ಸಮಿತಿ ಸ್ಥಾಪನೆಯಾದುದು ಈ ದಿನಗಳಲ್ಲಿಯೇ, 1964ರಲ್ಲಿ. ಉಪರಾಷ್ಟ್ರಪತಿಗಳಾಗಿದ್ದಾಗ, 1977ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳು ನಿಧನರಾಗಲು, ಐದು ತಿಂಗಳಿಗೂ ಹೆಚ್ಚು ಕಾಲ ಹಂಗಾಮಿ ರಾಷ್ಟ್ರಪತಿಗಳಾಗಿದ್ದರು. ಒಂಬತ್ತು ವಿಧಾನಸಭೆಗಳ ವಿಸರ್ಜನೆಗೆ ಒಡನೆಯೇ ಸಹಿ ಹಾಕದೆ ತಡೆದರೆಂದು ಟೀಕೆಗೂ ಗುರಿಯಾದರು. ಜುಲೈ 25ರಂದು ಸಂಜೀವರೆಡ್ಡಿಯವರು ಅಧಿಕಾರ ವಹಿಸಿಕೊಂಡೊಡನೆ ಜತ್ತಿಯವರು ಮತ್ತೆ ಉಪರಾಷ್ಟ್ರಪತಿಯ ಸ್ಥಾನಕ್ಕೆ ಮರಳಿದರು. 1979ರ ವರೆಗೆ ಅಲ್ಲಿಯೇ ಇದ್ದರು.

ಇಷ್ಟನ್ನು ಬರೆಯಲು ಕಾರಣವಿದೆ. ನಾನೂ ಒಂದು ಅವಧಿಗೆ ನಮ್ಮೂರ ಪುರಸಭೆಯ ಸದಸ್ಯನಾಗಿದ್ದೆ. ಎರಡನೆಯ ಸಲ ಸೋತೆ. ಸೋತ ಮರುದಿನದಿಂದ ಪುರಸಭೆಯ ಕಚೇರಿಯಿದ್ದ ಬೀದಿಯನ್ನೇ ತುಳಿಯದಾದೆ. ಪೇಟೆಗೆ ಹೋಗುವುದಿದ್ದರೆ ಹಿಂದಿನ ಓಣಿಯಿಂದ ಸುತ್ತಿ ಹೋಗುತ್ತಿದ್ದೆ. ಹೀಗಿರಲು ಒಂದು ದಿನ ನಮ್ಮ ಓಣಿಯ ವೃದ್ಧೆಯೊಬ್ಬಳು ಬಂದು, ನಳದಲ್ಲಿ ಎಂಟು ದಿನದಿಂದ ನೀರಿಲ್ಲವೆಂದಳು. “ಗೆದ್ದವರನ್ನು ಹೋಗಿ ಕೇಳವ್ವ” ಎಂದೆ. ನನ್ನ ದನಿಯಲ್ಲಿದ್ದ ಕಹಿ ಅವಳಿಗೆ ತಾಗಿದಂತೆ ಕಾಣಲಿಲ್ಲ.

“ಅವರಿಗೂ ಹೇಳೇನೋ ಯಪ್ಪಾ. ಅರ್ಜಿ ಬರಿಯಾಕ ನೀ ಬೇಕಲ್ಲ?” ಎಂದಳು.

ಅರ್ಜಿ ಬರೆದೆ. ಅವಳ ಹೆಬ್ಬೆಟ್ಟಿನ ಗುರುತು ಹಾಕಿಸಿಕೊಂಡು, ಎರಡು ವರ್ಷಗಳ ನಂತರ ಮೊದಲ ಸಲ ಆ ಕಚೇರಿಯ ಮೆಟ್ಟಿಲೇರಿದೆ. ಒಳಗೆ ಸಭೆ ನಡೆದಿತ್ತು. ಜವಾನನು ನನ್ನ ಗುರುತು ಹಿಡಿದು, ಒಳಗೆ ಬರಬಹುದೆಂದು ಬಾಗಿಲು ತೆರೆದ. ಬೇಡವೆಂದು ಹೇಳಿ, ಹೊರಗೆ ಅರ್ಜಿದಾರರಿಗಾಗಿ ಹಾಕಿದ್ದ ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಕುಳಿತೆ.