ಹನ್ನೊಂದನೆಯ ಹೆಸರು

ಚಾರ್ಮಾಡಿ ಘಟ್ಟವನ್ನೇರಿ ಬಂದ ಬಸ್ಸುಗಳು ಕೊಂಚ ನಿಂತು ಮುಂದೆ ಸಾಗುವ ಊರು ಕೊಟ್ಟಿಗೆಹಾರ. ಇಲ್ಲಿ ನೀರುದೋಸೆಯ ಹೋಟೆಲುಗಳಿವೆ. ಮೂಡಿಗೆರೆಗೊಂದು, ಕಳಸದ ಕಡೆಗೊಂದು ದಾರಿಯಿದೆ. ಕ್ರಿಕೆಟ್ ಆಡುವಷ್ಟು ಸಮತಟ್ಟಾದ ನೆಲ ಮಾತ್ರ ಕಡಿಮೆ. ಆದರೂ ಈ ಊರಿನ ನಿವೃತ್ತ ಮೇಷ್ಟ್ರೊಬ್ಬರ ಹೆಗಲಿಗೆ ಪ್ರತಿವರ್ಷ ಚಾತುರ್ಮಾಸದಲ್ಲಿ ಕರ್ನಾಟಕದ ರಣಜಿ ತಂಡವನ್ನು ಆರಿಸುವ ಹೊಣೆ ಬಂದು ಬೀಳುತ್ತದೆ. ಯಾರೂ ವಹಿಸಿದ ಹೊಣೆಯಲ್ಲ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಿ, ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಯಲ್ಲಿ ಹನ್ನೊಂದು ಹೆಸರುಗಳನ್ನು ಬರೆಯುತ್ತಾರೆ, ಹೊಡೆದುಹಾಕುತ್ತಾರೆ, ಮತ್ತೆ ಬರೆಯುತ್ತಾರೆ. ಹೊರಗೆ ಮಳೆ ಸುರಿಯುತ್ತಲೇ ಇರುತ್ತದೆ.

ಈ ಗೀಳು ಹತ್ತಿದ್ದು 1974ರಲ್ಲಿ, ಅವರು ಶಾಲಾಬಾಲಕನಾಗಿದ್ದಾಗ. ಸತತ 15 ವರ್ಷ ರಣಜಿ ಟ್ರೋಫಿಯನ್ನು ಕೈಬಿಡದಿದ್ದ ಮುಂಬಯಿಯನ್ನು ಪ್ರಸನ್ನರ ನಾಯಕತ್ವದ ಕರ್ನಾಟಕವು ಬೆಂಗಳೂರಿನ ಉಪಾಂತ್ಯ ಪಂದ್ಯದಲ್ಲಿ ಹಿಂದಿಕ್ಕಿತು. ಬಳಿಕ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಬಾರಿಗೆ ಟ್ರೋಫಿ ಗೆದ್ದಿತು. 2015ರ ಹೊತ್ತಿಗೆ ಗೆಲುವುಗಳ ಸಂಖ್ಯೆ ಎಂಟಕ್ಕೇರಿತು. ಆ ಎಂಟನ್ನೂ ತಮ್ಮ ಮನೆಯ ಶುಭಕಾರ್ಯಗಳಂತೆ ನೆನೆಯುತ್ತಾರೆ ಮೇಷ್ಟ್ರು. ಪರಿಗ್ರಹವೆಂದರೆ ಹೊಲ ಮನೆ ಒಡವೆಗಳು ಮಾತ್ರವಲ್ಲವಷ್ಟೆ!

2025ರ ಮಳೆಗಾಲದಲ್ಲಿ ಅವರ ಮುಂದೆ ಪ್ರಶ್ನೆಗಳು ಹಲವಿದ್ದವು. ಪ್ರಸಿದ್ಧ ಕೃಷ್ಣ, ರಾಹುಲ್ ಭಾರತ ತಂಡಕ್ಕೆ ಹೋದರೆ ಅವರ ಸ್ಥಾನಕ್ಕೆ ಯಾರು? ಮಯಾಂಕ್ ಅಗರವಾಲ್ ಜೊತೆ ಇನಿಂಗ್ಸ್ ಆರಂಭಿಸುವವರು ಯಾರು? ಇವೆಲ್ಲ ಒಂದೆರಡು ಸಂಜೆಗಳಲ್ಲಿ ಇತ್ಯರ್ಥವಾದವು. ಇತ್ಯರ್ಥವಾಗದೆ ಉಳಿದದ್ದು ಕರುಣ್ ನಾಯರ್ ಅವರ ಪ್ರಶ್ನೆ.

2015ರ ರಣಜಿ ಅಂತಿಮ ಪಂದ್ಯದಲ್ಲಿ ತಮಿಳುನಾಡಿನ ವಿರುದ್ಧ 328, 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303 ಗಳಿಸಿದ್ದ ಈ ಬ್ಯಾಟುಗಾರ 2023ರಲ್ಲಿ ವಿದರ್ಭಕ್ಕೆ ಹೋಗಿದ್ದರು. 2024-25ರಲ್ಲಿ ವಿದರ್ಭ ರಣಜಿ ಗೆದ್ದಾಗ ಅಂತಿಮ ಪಂದ್ಯದ ಎರಡನೆಯ ಇನಿಂಗ್ಸಿನಲ್ಲಿ ಶತಕ ಬಾರಿಸಿದವರೂ ಅವರೇ. ಆ ವರ್ಷದ ಜನವರಿಯಲ್ಲಿ ವಡೋದರಾದಲ್ಲಿ ನಡೆದ ವಿಜಯ್ ಹಜಾರೆ ಟ್ರೋಫಿಯ ಅಂತಿಮ ಪಂದ್ಯದಲ್ಲಿ ಇದೇ ವಿದರ್ಭವನ್ನು ಕರ್ನಾಟಕ 36 ರನ್ನುಗಳಿಂದ ಸೋಲಿಸಿತ್ತು. ಸ್ಮರಣ್ ರವಿಚಂದ್ರನ್ ಎಂಬ ಹುಡುಗ 101 ಹೊಡೆದಿದ್ದ. ಅಂದು ಕರುಣ್ 27ಕ್ಕೆ ಔಟಾದಾಗ ಮೇಷ್ಟ್ರ ಕೈಗಳು ಚಪ್ಪಾಳೆಗೆ ಏಳಲಿಲ್ಲ. ಈಗ ಅದೇ ಕರುಣ್ ಮರಳಿ ಕರ್ನಾಟಕಕ್ಕೆ ಬರುತ್ತಿದ್ದರು.

“ಬಿಟ್ಟುಹೋದವರು ಬಂದರೆಂದು ಇಲ್ಲೇ ಇದ್ದ ಹುಡುಗನನ್ನು ಹೊರಗಿಡುವುದು ನ್ಯಾಯವೇ?” ಎಂದು ಅವರು ಗಟ್ಟಿಯಾಗಿಯೇ ಕೇಳಿದರು.

ಒಲೆಯ ಬಳಿಯಿದ್ದ ಕಿರಿಯ ಸೊಸೆ ತಿರುಗಿ ನೋಡಿದಳು. “ಅವರಾಗಿಯೇ ಹೋದರೋ ಮಾವಯ್ಯ, ಇವರು ಕೈಬಿಟ್ಟರೋ?”

ಮೇಷ್ಟ್ರು ಸುಮ್ಮನಾದರು. 2022ರಲ್ಲಿ ರಾಜ್ಯ ತಂಡದಲ್ಲಿ ಸ್ಥಾನವಿಲ್ಲದೆ, ಇನ್ನೊಂದು ಅವಕಾಶ ಕೊಡು ಎಂದು ಕರುಣ್ ಕ್ರಿಕೆಟ್ಟನ್ನೇ ಬೇಡಿಕೊಂಡದ್ದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಸೊಸೆಯ ಪ್ರಶ್ನೆ ಅಲ್ಲಿಗಷ್ಟೇ ತಾಗಲಿಲ್ಲ. ಬೆಂಗಳೂರಿನಲ್ಲಿದ್ದ ಹಿರಿಯ ಮಗನೂ ಮರಳಿ ಬರುವೆನೆಂದು ಪತ್ರ ಬರೆದಿದ್ದ. ಕಾಫಿಯ ಧಾರಣೆ ಹಿಂದೆಂದೂ ಕಾಣದಷ್ಟು ಏರಿದ್ದ ವರ್ಷವದು. ಬೆಲೆ ಕುಸಿದಿದ್ದಾಗ, ಬಿಳಿ ಕಾಂಡಕೊರಕ ಗಿಡಗಳನ್ನು ಒಣಗಿಸಿದಾಗ, 2019ರ ಆಗಸ್ಟಿನ ಮಳೆಗೆ ಗುಡ್ಡ ಜರಿದಾಗ ತೋಟ ಕಾಯ್ದವನು ಕಿರಿಯ. ಊರವರು ಹಿರಿಯನನ್ನು ಕುರಿತು ಆಡಬಹುದಾದ ಮಾತನ್ನೇ ಮೇಷ್ಟ್ರು ಕರುಣ್ ಕುರಿತು ಆಡಿದ್ದರು.

ಊರವರಿಗೆ ತಿಳಿಯದ ಒಂದು ಸಂಗತಿಯಿತ್ತು. ಹನ್ನೆರಡು ವರ್ಷಗಳ ಹಿಂದೆ, “ಮೂರು ಎಕರೆ ಇಬ್ಬರಿಗೆ ಸಾಲದು, ನೀನು ಓದಿದವನು, ಹೊರಗೆ ನೋಡಿಕೋ” ಎಂದವರು ಮೇಷ್ಟ್ರೇ. ಹಿರಿಯ ಮರುಮಾತಾಡದೆ ಹೊರಟಿದ್ದ. ಕಾಲಾಂತರದಲ್ಲಿ ಮೇಷ್ಟ್ರ ನೆನಪಿನಲ್ಲಿ ಅದು ‘ಅವನು ಬಿಟ್ಟುಹೋದ’ ಎಂದಾಗಿತ್ತು. ಸುಳ್ಳಾಡಬೇಕೆಂಬ ಉದ್ದೇಶವೇ ಇಲ್ಲದೆ ಸುಳ್ಳು ಹೀಗೂ ನೆಲೆಯೂರುತ್ತದೆ.

ಮರುದಿನ ಮಗನಿಗೆ ಫೋನ್ ಮಾಡಿದರು. “ಅಂದು ನಿನ್ನನ್ನು ಕಳಿಸಿದವನು ನಾನು. ಕೊಯ್ಲಿಗೆ ಮುಂಚೆ ಬಾ” ಎಂದರು. ಆ ಬದಿಯಲ್ಲಿ ಬಹಳ ಹೊತ್ತು ಮಾತಿರಲಿಲ್ಲ. ಆ ಸಂಜೆ ಪಟ್ಟಿಯಲ್ಲಿ ಕರುಣ್ ಹೆಸರನ್ನೂ ಬರೆದರು. ಹನ್ನೆರಡಾಯಿತು. ಒಂದನ್ನು ಪೆನ್ಸಿಲಿನಿಂದ ಹೊಡೆದುಹಾಕಿದರು.

ನವೆಂಬರಿನಲ್ಲಿ ಕೇರಳದ ವಿರುದ್ಧ ಒಂದೇ ಇನಿಂಗ್ಸಿನಲ್ಲಿ ಕರುಣ್ 233, ಸ್ಮರಣ್ ಔಟಾಗದೆ 220 ಗಳಿಸಿದರು. ಬೆಳಗಿನ ಬಸ್ಸಿನಲ್ಲಿ ಬಂದ ಪತ್ರಿಕೆಯನ್ನು ಮೇಷ್ಟ್ರು ಇಬ್ಬರು ಮಕ್ಕಳ ಮುಂದೆಯೂ ಹರವಿದರು. ಮರಳಿದವನೂ ಇದ್ದವನೂ ಜೊತೆಯಾಗಿ ಆಡಿದ್ದರು. ಅವರ ಮುಖ ಅರಳಿತ್ತು. ಹಿರಿಯ ನಕ್ಕ.

ಕಿರಿಯ ಪತ್ರಿಕೆಯನ್ನು ನೋಡಲಿಲ್ಲ. ಪಕ್ಕದಲ್ಲಿ ತೆರೆದಿದ್ದ ಹಾಜರಿ ಪುಸ್ತಕವನ್ನು ತನ್ನೆಡೆಗೆ ಎಳೆದುಕೊಂಡು, ಪೆನ್ಸಿಲಿನ ಗೆರೆಯ ಕೆಳಗೆ ಇನ್ನೂ ಓದಲು ಬರುತ್ತಿದ್ದ ಹೆಸರಿನ ಮೇಲೆ ಬೆರಳಿಟ್ಟ. “ಇವನೇನು ತಪ್ಪು ಮಾಡಿದ್ದ, ಅಪ್ಪ?” ಎಂದು ಕೇಳಿದ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. “ಏನೂ ಇಲ್ಲ” ಎಂದರು.