ಅಣ್ಣನ ಕಂಪ್ಯೂಟರಿಗೆ ಹೊಸ ಕಾರ್ಡು

ನಮ್ಮ ಮನೆಯಲ್ಲಿ 'ಅಣ್ಣನ ರೂಮು' ಎಂದು ಕರೆಸಿಕೊಳ್ಳುವ ಒಂದು ಕೋಣೆ ಉಂಟು. ಅಣ್ಣ, ಅಂದರೆ ನನ್ನ ಮಗ, ಬೆಂಗಳೂರು ಸೇರಿ ಐದು ವರ್ಷ ದಾಟಿತು. ಚೌತಿಗೊಮ್ಮೆ, ದೀಪಾವಳಿಗೊಮ್ಮೆ ಬಂದು ಅಲ್ಲಿ ಮಲಗಿ ಹೋಗುತ್ತಾನೆ. ಉಳಿದಂತೆ ವರ್ಷವಿಡೀ ಅಲ್ಲಿ ಮಲಗುವವಳು, ಓದುವವಳು, ಮಳೆಗಾಲದಲ್ಲಿ ಒದ್ದೆ ಬಟ್ಟೆ ಹರವುವವಳು ಮಗಳೇ. ಆದರೂ ಕೋಣೆಯ ಹೆಸರು ಬದಲಾಗಿಲ್ಲ. ಅದರ ಮೂಲೆಯಲ್ಲಿ ಕೂತ ಕಪ್ಪು ಪೆಟ್ಟಿಗೆಗೂ 'ಅಣ್ಣನ ಕಂಪ್ಯೂಟರು' ಎಂದೇ ಹೆಸರು.

ಆ ಪೆಟ್ಟಿಗೆ ಕುಂಜಿಬೆಟ್ಟಿನ ನಮ್ಮ ಮನೆಗೆ ಬಂದದ್ದು 2016ರಲ್ಲಿ, ಮಗ ಪಿಯುಸಿ ಮುಗಿಸಿದ ವರ್ಷ. 'ಕೋಡಿಂಗ್ ಕಲೀಲಿಕ್ಕೆ ಬೇಕು' ಎಂದ. ಇವರು ಮರುಮಾತಾಡದೆ ಬ್ಯಾಂಕಿನಿಂದ ಹಣ ತೆಗೆದರು. ಒಂದು ವಾರದೊಳಗೆ ಪೆಟ್ಟಿಗೆ ಬಂತು, ಅದಕ್ಕೆ ಕುಂಕುಮವೂ ಬಿತ್ತು. ಕೋಡಿಂಗ್ ಎಷ್ಟು ಕಲಿತನೋ ದೇವರೇ ಬಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಮುಚ್ಚಿದ ಬಾಗಿಲಿನ ಹಿಂದೆ ಢಂ ಢಂ ಎಂದು ಕೇಳುತ್ತಿದ್ದದ್ದು ಕೋಡಿಂಗಿನ ಸದ್ದಲ್ಲ ಎಂದು ತಿಳಿಯಲಿಕ್ಕೆ ಇಂಜಿನಿಯರಿಂಗ್ ಓದಬೇಕಾಗಿರಲಿಲ್ಲ. ಆಗ ಮಗಳಿಗೆ ಒಂಬತ್ತು ವರ್ಷ. ಅವನ ಕುರ್ಚಿಯ ಹಿಂದೆ ನಿಂತು ನೋಡುವವಳು. ಆಡುವವನು ಅವನು, 'ಹಿಂದಿನಿಂದ ಬಂದ, ಹಿಂದಿನಿಂದ ಬಂದ' ಎಂದು ಬೊಬ್ಬೆ ಹಾಕುವವಳು ಇವಳು.

2025ರ ಆಟಿ ತಿಂಗಳು. ಹೊರಗೆ ಮಳೆ ಹೊಯ್ಯುತ್ತಿತ್ತು. ಅಣ್ಣನ ಕಂಪ್ಯೂಟರು ಬೇರಿಂಗ್ ಹೋದ ಮಿಕ್ಸಿಯ ಹಾಗೆ ಕಿರುಗುಟ್ಟಲಿಕ್ಕೆ ಶುರುಮಾಡಿ ಒಂದು ವಾರವಾಗಿತ್ತು. ಪರದೆಯ ಮೇಲೆ ಗೆರೆಗಳೂ ಮೂಡಿದವು.

"ಅಮ್ಮ, ಗ್ರಾಫಿಕ್ಸ್ ಕಾರ್ಡ್ ಹೋಗ್ತಾ ಉಂಟು. ಹೊಸತು ಹಾಕ್ಬೇಕು" ಎಂದಳು ಮಗಳು.

"ಎಂತಕ್ಕೆ?" ಎಂದೆ.

"ಆಟ ಆಡ್ಲಿಕ್ಕೆ."

ನೋಡಿ, ಇಲ್ಲಿ ಅವಳು ಒಂದು ಸುಳ್ಳು ಹೇಳಬಹುದಿತ್ತು. ಕಾರ್ಕಳದ ಹತ್ತಿರದ ನಿಟ್ಟೆಗೆ ಇಂಜಿನಿಯರಿಂಗ್ ಓದಲಿಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬರುವ ಹುಡುಗಿ ಅವಳು. ಆ ಸುಳ್ಳನ್ನು ಇವರೇ ತಟ್ಟೆಯಲ್ಲಿಟ್ಟು ಕೊಟ್ಟರು. "ಕಾಲೇಜಿನ ಪ್ರಾಜೆಕ್ಟಿಗೆ ಬೇಕಾಗ್ತದಾ ಮಗಾ? ಈಗ ಎಐಗೆಲ್ಲ ಇದೇ ಕಾರ್ಡು ಅಂತೆ ಅಲ್ವಾ?" ಅವರು ಹೇಳಿದ್ದು ತಪ್ಪೇನಲ್ಲ. 1993ರಲ್ಲಿ ಶುರುವಾಗಿ, ಆಟದ ಚಿತ್ರ ಬಿಡಿಸುವ ಕಾರ್ಡುಗಳನ್ನು ಮಾರುತ್ತ ಬೆಳೆದ ಎನ್‌ವಿಡಿಯಾ ಕಂಪೆನಿಯ ಸರಕೇ ಇಂದು ಕೃತಕ ಬುದ್ಧಿಮತ್ತೆಯ ಗಾಡಿ ಎಳೆಯುತ್ತಿದೆ. ಆದರೆ ಮಗಳು ತಟ್ಟೆಯನ್ನು ಹಾಗೆಯೇ ವಾಪಸು ಸರಿಸಿದಳು. "ಅದಕ್ಕೆ ಕಾಲೇಜಲ್ಲಿ ಲ್ಯಾಬ್ ಉಂಟಪ್ಪ. ಇದು ಆಡ್ಲಿಕ್ಕೇ." ಮತ್ತೆ ಸ್ವರ ಏರಿಸದೆ ಅಂದಳು, "ಅಣ್ಣನತ್ರ ಯಾರೂ ಎಂತಕ್ಕೆ ಅಂತ ಕೇಳ್ಲಿಲ್ಲ."

ಕುಕ್ಕರು ಕೂಗಿತೇನೋ ಎಂಬಂತೆ ನಾನು ಎದ್ದು ಒಳಗೆ ಹೋದೆ. ಒಲೆಯ ಮೇಲೆ ಕುಕ್ಕರೇ ಇರಲಿಲ್ಲ.

ನನ್ನ ತವರು ಕಾಪು. 1901ರಲ್ಲಿ ಕಟ್ಟಿದ ದೀಪಸ್ತಂಭದ ಬೆಳಕು ನಮ್ಮ ಅಂಗಳದ ತೆಂಗಿನ ಗರಿಗಳನ್ನು ಸವರಿಕೊಂಡು ಹೋಗುವಷ್ಟು ಹತ್ತಿರ. ಆಟಿ ಬಂದರೆ ಅಟ್ಟದಿಂದ ಚೆನ್ನೆಮಣೆ ಇಳಿಯುತ್ತಿತ್ತು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಕಾಳು. ನಾನು ಅದರಲ್ಲಿ ಚುರುಕು. ಗೆದ್ದಾಗಲೆಲ್ಲ ಅಜ್ಜಿ ತಪ್ಪದೆ ಅಬ್ಬಗ-ದಾರಗರ ಕಥೆ ತೆಗೆಯುತ್ತಿದ್ದರು. ಸಿರಿ ಪಾಡ್ದನದ ಆ ಅಕ್ಕತಂಗಿಯರು ಚೆನ್ನೆ ಆಡುತ್ತ ಜಗಳವಾಗಿ, ಒಬ್ಬಳು ಅದೇ ಮಣೆಯಿಂದ ಇನ್ನೊಬ್ಬಳ ತಲೆಗೆ ಹೊಡೆದು ಇಬ್ಬರೂ ಸತ್ತ ಕಥೆ. ಹೆಣ್ಣುಮಕ್ಕಳಿಗೆ ಆಟದ ಹುಚ್ಚು ಒಳ್ಳೆಯದಲ್ಲ ಎಂಬುದು ಅಜ್ಜಿಯ ತಾತ್ಪರ್ಯ. ನನ್ನ ಅಣ್ಣಂದಿರು ಕಡಲ ಬದಿಯಲ್ಲಿ ವಾಲಿಬಾಲ್ ಆಡಿ, ಕೈಕಾಲು ಉಳುಕಿಸಿಕೊಂಡು, ಹೊತ್ತು ಮುಳುಗಿದ ಮೇಲೆ ಮನೆಗೆ ಬರುತ್ತಿದ್ದರು. ಅವರಿಗೆ ಹೇಳುವಂಥ ಪಾಡ್ದನ ಯಾವುದೂ ಅಜ್ಜಿಯ ಬಳಿ ಇರಲಿಲ್ಲ. ನಾನು ಹೈಸ್ಕೂಲು ಮೆಟ್ಟಿಲು ಹತ್ತಿದ ವರ್ಷ ಮಣೆ ಅಟ್ಟದಿಂದ ಇಳಿಯಲೇ ಇಲ್ಲ. ಯಾಕೆ ಎಂದು ನಾನೂ ಕೇಳಲಿಲ್ಲ.

ಹಣದ ವಿಷಯಕ್ಕೆ ಬರುತ್ತೇನೆ. ನಮ್ಮೂರಿನ ಹೆಂಗಸರಿಗೆ ಪಿಗ್ಮಿಯ ಬಗ್ಗೆ ಹೇಳಬೇಕಾಗಿಲ್ಲ. 1928ರಲ್ಲಿ ಟಿ.ಎಂ.ಎ. ಪೈಯವರ ಸಿಂಡಿಕೇಟ್ ಬ್ಯಾಂಕು ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಬಂದು ಸಂಗ್ರಹಿಸಲಿಕ್ಕೆ ಶುರುಮಾಡಿದ ಪದ್ಧತಿ ಅದು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಕರಗಿಹೋಯಿತು. ಪಿಗ್ಮಿ ಮಾತ್ರ ಸೊಸೈಟಿಗಳ ಕೈಯಲ್ಲಿ ಇನ್ನೂ ಮನೆಮನೆ ಸುತ್ತುತ್ತಿದೆ. ಮಕ್ಕಳಿಗೆ ಹಿಂದಿ ಟ್ಯೂಷನ್ ಹೇಳಿ ಬಂದದ್ದರಲ್ಲಿ ನಾನು ದಿನಕ್ಕೆ 50 ರೂಪಾಯಿ ಕಟ್ಟುತ್ತಿದ್ದೆ. ವರ್ಷಕ್ಕೆ 18,250. ಆ ವರ್ಷದ್ದು ಕೈಗೆ ಬರುವುದಿತ್ತು. ಅದರಲ್ಲಿ ಅಡುಗೆಮನೆಗೆ ಚಿಮಣಿ ಹಾಕಿಸುವುದೆಂದು ಯೋಚಿಸಿದ್ದೆ.

"18,000ದ ಒಳಗೆ ಮುಗೀತದಾ?" ಎಂದು ಮರುದಿನ ಕೇಳಿದೆ. ಮಗಳು ನನ್ನ ಮುಖವನ್ನೇ ನೋಡಿದಳು.

ದುಡ್ಡು ಕೊಡುವವಳಿಗೆ ವಸ್ತು ಏನೆಂದಾದರೂ ಗೊತ್ತಿರಬೇಕಲ್ಲ. ನಾನು ಕೇಳಿದೆ, ಅವಳು ಹೇಳಿದಳು. ನಮ್ಮ ಪರದೆಯಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080 ಚುಕ್ಕಿಗಳು. ಗುಣಿಸಿದರೆ 20 ಲಕ್ಷಕ್ಕೂ ಮಿಕ್ಕು. ಈ ಇಡೀ ರಂಗೋಲಿಯನ್ನು ಸೆಕೆಂಡಿಗೆ 60 ಸಲ ಅಳಿಸಿ ಹೊಸದಾಗಿ ಬಣ್ಣ ತುಂಬಬೇಕು. ಅಂದರೆ ಸೆಕೆಂಡಿಗೆ 12 ಕೋಟಿಗೂ ಹೆಚ್ಚು ಚುಕ್ಕಿ! ಕಂಪ್ಯೂಟರಿನ ಪ್ರೊಸೆಸರು ಎಂಬುದು ಪರ್ಯಾಯದ ಅಡುಗೆಗೆ ಬಂದ ದೊಡ್ಡ ಭಟ್ಟರ ಹಾಗೆ, ಎಲ್ಲ ಬಲ್ಲವರು, ಆದರೆ ನಮ್ಮ ಪೆಟ್ಟಿಗೆಯಲ್ಲಿರುವುದು ನಾಲ್ಕೇ ಜನ. ಗ್ರಾಫಿಕ್ಸ್ ಕಾರ್ಡು ತರಕಾರಿ ಹೆಚ್ಚಲಿಕ್ಕೆ ಸಾಲಾಗಿ ಕೂತವರ ಹಾಗೆ. ಒಬ್ಬೊಬ್ಬರಿಗೆ ಗೊತ್ತಿರುವುದು ಒಂದೇ ಕೆಲಸ, ಆದರೆ ಕೈಗಳು ಲೆಕ್ಕವಿಲ್ಲದಷ್ಟು. ಅಣ್ಣನ ಹಳೆಯ ಜಿಟಿಎಕ್ಸ್ 750 ಟಿಐ ಎಂಬ ಕಾರ್ಡಿನಲ್ಲಿ ಅಂಥ 640 ಕೈಗಳಿದ್ದವಂತೆ. ಈಗಿನ ಆಟಗಳಿಗೆ ಅದು ಸಾಲದು, ಅದರ 2 ಜಿಬಿ ನೆನಪೂ ಸಾಲದು.

ಹಾಗಾದರೆ ಹೆಚ್ಚು ಕೈಯಿರುವ ಒಂದನ್ನು ತಂದರಾಯಿತಲ್ಲ ಎಂದು ನನಗನಿಸಿತು. ಅಲ್ಲಿಯೇ ತೊಡಕು. ಕಾರ್ಡು ಕೂರುವ ಸೀಳಿನಿಂದ ಅದಕ್ಕೆ ಸಿಗುವ ವಿದ್ಯುತ್ತು 75 ವಾಟ್ ಮಾತ್ರ. ಹೆಚ್ಚು ಬೇಕಾದರೆ ಪವರ್ ಸಪ್ಲೈಯಿಂದ ಬೇರೆ ವಯರು ಎಳೆಯಬೇಕು. ಆರು ಪಿನ್ನಿನ ವಯರಾದರೆ ಇನ್ನೊಂದು 75 ವಾಟ್, ಎಂಟು ಪಿನ್ನಿನದಾದರೆ 150. ನಮ್ಮ ಪೆಟ್ಟಿಗೆಯ ಪವರ್ ಸಪ್ಲೈ ಸಾಧಾರಣದ್ದು, ಅದರಲ್ಲಿ ಅಂಥ ವಯರೇ ಇಲ್ಲ. 5 ಆಂಪಿಯರಿನ ಪ್ಲಗ್ಗಿಗೆ ಗೀಸರು ಸಿಕ್ಕಿಸಬಾರದು ಎಂದು ಗೊತ್ತಿರುವ ಯಾವ ಹೆಂಗಸಿಗೂ ಇದು ಅರ್ಥವಾಗುತ್ತದೆ. ನನಗೂ ಆಯಿತು. ಹೊಸತಾಗಿ ಮನೆಗೆ ಬರುವುದರ ಗುಣಕ್ಕಿಂತ ಹಳೆ ಮನೆಯ ತಾಕತ್ತನ್ನು ಮೊದಲು ನೋಡಬೇಕು.

ಮಣಿಪಾಲದ ಒಂದು ಅಂಗಡಿಗೆ ಹೋದೆವು. ಕೌಂಟರಿನ ಹುಡುಗ ನನ್ನನ್ನು ನೋಡಿ, "ಮಗನಿಗಾ ಮೇಡಂ?" ಎಂದ. ಮಗಳು ಪಕ್ಕದಲ್ಲೇ ನಿಂತಿದ್ದಳು. ಅವಳು ಕೇಳಿದ ಪ್ರಶ್ನೆಗಳಿಗೆಲ್ಲ ಅವನು ನನ್ನತ್ತ ತಿರುಗಿಯೇ ಉತ್ತರ ಕೊಡುತ್ತಿದ್ದ. ಆರ್‌ಟಿಎಕ್ಸ್ 4060 ತೋರಿಸಿ, "ಇದು ತಗೊಳ್ಳಿ ಮೇಡಂ, ಇನ್ನು ಐದು ವರ್ಷ ನೋಡ್ಬೇಕೂಂತಿಲ್ಲ" ಎಂದ. "ಅದು 115 ವಾಟ್, ವಯರು ಬೇಕು. ಮತ್ತೆ ನಮ್ಮದು ಆರನೇ ಜನರೇಷನ್ನಿನ ಐ5. ಅದಕ್ಕೆ ಇಷ್ಟು ದೊಡ್ಡ ಕಾರ್ಡ್ ಹಾಕಿದ್ರೆ ಕಾರ್ಡ್ ಅರ್ಧ ಹೊತ್ತು ಸುಮ್ನೆ ಕೂತಿರ್ತದೆ" ಎಂದಳು ಇವಳು. ಹೆಚ್ಚುವವರು ಸಾವಿರ ಜನ, ಬೇಯಿಸಲಿಕ್ಕೆ ಹೇಳುವ ಭಟ್ಟರು ನಾಲ್ಕೇ ಅಂತ ನಾನು ಮನಸ್ಸಿನಲ್ಲೇ ಅರ್ಥ ಹೇಳಿಕೊಂಡೆ. ಹುಡುಗ ಮೊದಲ ಸಲ ಅವಳತ್ತ ತಿರುಗಿದ.

ಮತ್ತೆ ತೆಗೆದದ್ದು ಆರ್‌ಎಕ್ಸ್ 6400. 53 ವಾಟ್, ವಯರು ಬೇಡ, ಕ್ರಯವೂ ಕಡಿಮೆ. ನಾನು ಪರ್ಸಿಗೆ ಕೈ ಹಾಕಿಯೂ ಆಗಿತ್ತು. ಮಗಳು ಮೆಲ್ಲ ಕೈ ಹಿಡಿದಳು. ಆ ಸೀಳಿನಲ್ಲಿ ಹದಿನಾರು ಓಣಿಗಳಿರುತ್ತವಂತೆ, ಈ ಕಾರ್ಡು ಬಳಸುವುದು ನಾಲ್ಕನ್ನು ಮಾತ್ರ. ಹೊಸ ಬೋರ್ಡಿನಲ್ಲಿ ಒಂದೊಂದು ಓಣಿಯೂ ವೇಗದ್ದು, ಆದ್ದರಿಂದ ನಡೆಯುತ್ತದೆ. ನಮ್ಮಂಥ ಹಳೆ ಬೋರ್ಡಿನಲ್ಲಿ ಪ್ರತಿ ಓಣಿಯಲ್ಲೂ ಅರ್ಧದಷ್ಟೇ ಸರಕು ಹೋಗುತ್ತದೆ. ಹೊಸ ಕಾರ್ಡೇ ಆದರೂ ನಮ್ಮಲ್ಲಿಗೆ ಬಂದರೆ ಕುಂಟುತ್ತದೆ. ಇಂಥ ವಿಷಯ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುವುದಿಲ್ಲ ನೋಡಿ.

ಆ ಶನಿವಾರ ಬಸ್ಸು ಹತ್ತಿ ಕಾರ್ಕಳಕ್ಕೆ ಹೋದೆವು. ಮಗಳ ಗೆಳತಿಯ ಅಣ್ಣನ ಬಳಿ ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 ಇತ್ತು, 6,000ಕ್ಕೆ ಕೊಡುತ್ತೇನೆಂದಿದ್ದ. ಚಿಮಣಿಯ ಆಸೆ ನನ್ನಲ್ಲಿ ಮತ್ತೆ ಚಿಗುರಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಬಸ್ಸಿನಲ್ಲಿ ಮಗಳು ಹಳೆಯದೊಂದನ್ನು ನೆನಪಿಸಿದಳು. 2021ರ ಲಾಕ್‌ಡೌನಿನಲ್ಲಿ, ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಅವಳು ಒಮ್ಮೆ ಕಾರ್ಡು ಕೇಳಿದ್ದಳಂತೆ, ನಾನು 'ಈಗ ಕ್ರಯ ಜಾಸ್ತಿ' ಅಂದಿದ್ದೆನಂತೆ. ಕ್ರಯ ನಿಜವಾಗಿಯೂ ಜಾಸ್ತಿಯಿತ್ತು. ಚಿಪ್ಪಿನ ಅಭಾವ ಒಂದು ಕಡೆ, ಕಂಪ್ಯೂಟರಿನಲ್ಲಿ ನಾಣ್ಯ ಗಣಿಗಾರಿಕೆ ಮಾಡುವವರು ಕಾರ್ಡುಗಳನ್ನೆಲ್ಲ ಬಾಚಿಕೊಂಡದ್ದು ಇನ್ನೊಂದು ಕಡೆ. 2022ರ ಸೆಪ್ಟೆಂಬರ್ 15ರಂದು ಇಥೀರಿಯಮ್ ನಾಣ್ಯದ ಪದ್ಧತಿಯೇ ಬದಲಾಗಿ ಆ ಗಣಿಗಾರಿಕೆ ನಿಂತಿತು, ಹಗಲಿರುಳು ದುಡಿದು ಬಸವಳಿದ ಕಾರ್ಡುಗಳು ಸಂತೆಗೆ ಬಂದವು. ಆದರೆ ಕ್ರಯ ಇಳಿದ ಮೇಲೆ ನಾನಾಗಿ ಆ ಮಾತು ತೆಗೆದಿದ್ದೆನೇ? ಇಲ್ಲ.

ಆನೆಕೆರೆಯ ಹತ್ತಿರದ ಆ ಮನೆಯಲ್ಲಿ ಹುಡುಗ ಕಾರ್ಡು ತಂದಿಟ್ಟ. "ಮೈನಿಂಗಿಗೆಲ್ಲ ಹಾಕಿದ್ದಲ್ಲ ಆಂಟಿ, ನಾನೇ ಆಡಿದ್ದು" ಎಂದ. ಮುಖ ನೋಡಿದರೆ ಸುಳ್ಳು ಹೇಳುವವನಲ್ಲ. ಮಗಳು ನನ್ನ ಹೊಲಿಗೆ ಪೆಟ್ಟಿಗೆಯಿಂದ ತಂದಿದ್ದ ಇಂಚುಟೇಪು ತೆಗೆದು ಕಾರ್ಡಿನ ಉದ್ದ ಅಳೆದಳು, ಸ್ಕ್ರೂಗಳಿಗೆ ತುಕ್ಕು ಹಿಡಿದಿದೆಯೇ ನೋಡಿದಳು, ಫ್ಯಾನನ್ನು ಬೆರಳಿನಿಂದ ತಿರುಗಿಸಿದಳು. ಹುಡುಗಿ ನೋಡಲಿಕ್ಕೆ ಬಂದವರು ಹೀಗೆ ನೋಡಿದ್ದರೆ ನಾವು ಎಬ್ಬಿಸಿ ಕಳಿಸುತ್ತಿದ್ದೆವು! ಕಾರ್ಡು ಒಳ್ಳೆಯದೇ, ಆದರೆ ನಮ್ಮ ಪೆಟ್ಟಿಗೆಯಲ್ಲಿ ಹಾರ್ಡ್ ಡಿಸ್ಕಿಗೆ ತಾಗುವಷ್ಟು ಉದ್ದ. ಬೇಕಾದ್ದು 185 ವಾಟ್. ಹೊಸ ಪವರ್ ಸಪ್ಲೈ ತರಬೇಕು, ಗ್ಯಾರಂಟಿ ಇಲ್ಲ. ಅಗ್ಗದ್ದು ಅಗ್ಗವಾಗಿ ಉಳಿಯುವುದಿಲ್ಲ ಎಂದು ಹಳೆ ಫ್ರಿಜ್ಜು ಕೊಂಡಾಗಲೇ ನಾನು ಕಲಿತಿದ್ದೆ.

ಹುಡುಗನ ತಾಯಿ ಹಲಸಿನ ಹಪ್ಪಳ ಕರಿದು ಚಹಾ ತಂದರು. "ನಿಮ್ಮ ಮಗಳು ಕಂಪ್ಯೂಟರ್ ರಿಪೇರಿ ಕಲೀತಾ ಇದ್ದಾಳಾ?" ಎಂದು ಕೇಳಿದರು.

"ಇಲ್ಲ, ಆಟ ಆಡ್ತಾಳೆ" ಎಂದೆ.

"ಓ" ಎಂದರು ಅವರು. ಮತ್ತೆರಡು ಹಪ್ಪಳ ಹಾಕಿದರು.

ಕೊನೆಗೆ ಮಣಿಪಾಲದ ಅಂಗಡಿಯಿಂದಲೇ ತಂದದ್ದು ಆರ್‌ಟಿಎಕ್ಸ್ 3050, 6 ಜಿಬಿಯದು. ಆ ಜಿಬಿಯನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಅದೇ ಹೆಸರಿನ 8 ಜಿಬಿಯ ಇನ್ನೊಂದು ಉಂಟು. 2022ರಲ್ಲಿ ಬಂದ ಆ ದೊಡ್ಡದಕ್ಕೆ 130 ವಾಟ್ ಬೇಕು, ವಯರೂ ಬೇಕು. 2024ರ ಫೆಬ್ರವರಿಯಲ್ಲಿ ಬಂದ ಈ ಚಿಕ್ಕದಕ್ಕೆ 70 ವಾಟ್ ಸಾಕು. ಸೀಳು ಕೊಡುವುದರಲ್ಲೇ ಸಂಸಾರ ನಡೆಸುತ್ತದೆ. ಕೈಗಳು 2,304. ವಯರು ಬೇಕಾದ ಮಾದರಿಯನ್ನೂ ಯಾರಾದರೂ ಮಾಡಿರಬಹುದೆಂದು ಮಗಳು ಡಬ್ಬಿ ಬಿಚ್ಚಿಸಿ ನೋಡಿಯೇ ತೆಗೆದುಕೊಂಡಳು. ಜಿಎಸ್‌ಟಿ 18 ಪರ್ಸೆಂಟು ಸೇರಿ ನನ್ನ ಪಿಗ್ಮಿ ಹೆಚ್ಚುಕಡಿಮೆ ಬರಿದಾಯಿತು. "ಬಿಲ್ ಯಾರ ಹೆಸರಿಗೆ?" ಎಂದು ಈ ಸಲ ಹುಡುಗ ಅವಳನ್ನೇ ಕೇಳಿದ.

ಮನೆಗೆ ಬಂದು ಪ್ಲಗ್ಗು ಕಿತ್ತು, ಕಬ್ಬಿಣದ ಕವಚ ಮುಟ್ಟಿ ಮೈಯ ವಿದ್ಯುತ್ತು ಕಳೆದುಕೊಂಡು, ಹಳೆ ಕಾರ್ಡನ್ನು ಹಲ್ಲು ಕೀಳುವ ಡಾಕ್ಟರಂತೆ ಮೆಲ್ಲ ಎಬ್ಬಿಸಿದಳು. ಹೊಸತು ಟಕ್ ಎಂದು ಕೂತಿತು. ಆಗ ಗೊತ್ತಾಯಿತು, ಮಾನಿಟರಿನ ಹಳೆಯ ನೀಲಿ ಪ್ಲಗ್ಗಿಗೆ ಈ ಕಾರ್ಡಿನಲ್ಲಿ ಜಾಗವೇ ಇಲ್ಲ! ಎಚ್‌ಡಿಎಂಐ ವಯರು ಬೇಕು. ಅದು ಇದ್ದದ್ದು ಟಿವಿಗೆ. ಇವರ ಒಂಬತ್ತು ಗಂಟೆಯ ಸುದ್ದಿ ಅಲ್ಲಿಗೆ ನಿಂತಿತು. ಏನೋ ಅನ್ನಲಿಕ್ಕೆ ಬಾಯಿ ತೆರೆದವರು ನನ್ನ ಮುಖ ನೋಡಿ ಟಾರ್ಚು ಹಿಡಿದು ನಿಂತರು.

ಅವಳು ಹಾಕಿದ್ದು 'ರಾಜಿ' ಎಂಬ ಆಟ. ಪುಣೆಯವರು ಮಾಡಿದ್ದು, 2020ರಲ್ಲಿ ಬಂದದ್ದು. ಅಸುರರು ಎತ್ತಿಕೊಂಡು ಹೋದ ತಮ್ಮನನ್ನು ಹುಡುಕಿಕೊಂಡು ಒಬ್ಬ ಹುಡುಗಿ ಕೋಟೆ ಕೊತ್ತಲ ಹಾರಿ ಯುದ್ಧ ಮಾಡುತ್ತ ಹೋಗುತ್ತಾಳೆ. ಪರದೆಯ ಬಣ್ಣಕ್ಕೆ ನಾನು ದಂಗಾದೆ. ಕುರ್ಚಿಯ ಹಿಂದೆ ಎಷ್ಟು ಹೊತ್ತು ನಿಂತಿದ್ದೆನೋ, "ಹಿಂದಿನಿಂದ ಬಂದ ಮಗಾ!" ಎಂದು ಕೂಗಿದ್ದು ನಾನೇ ಎಂದು ಆಮೇಲೆ ಗೊತ್ತಾಯಿತು.

ರಾತ್ರಿ ಮಗ ಫೋನು ಮಾಡಿದ. "ನನ್ನ ಕಂಪ್ಯೂಟರಿಗೆ ಹೊಸ ಕಾರ್ಡ್ ಹಾಕಿದ್ರಂತೆ?" ಎಂದ. ಅವನ ತಪ್ಪಲ್ಲ, ನಾವೇ ಹಾಗೆ ಕರೆಯುತ್ತ ಬಂದವರು. "ಹಳೇ ಕಾರ್ಡ್ ಬಿಸಾಡ್ಬೇಡಿ ಅಮ್ಮ" ಎಂದೂ ಸೇರಿಸಿದ. ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿದ್ದೇನೆ.

ಆ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮಾಮೂಲು ಸಿಗುತ್ತಿದ್ದ ಸುಧಾರಣೆಗಳು ನಿಂತವು. ವಿಂಡೋಸ್ 11ರವರು ಒಪ್ಪುವ ಪಟ್ಟಿಯಲ್ಲಿ ನಮ್ಮ ಆರನೇ ಜನರೇಷನ್ನಿನ ಪ್ರೊಸೆಸರು ಇಲ್ಲ. ಕಾರ್ಡನ್ನು ಮುಂದೆ ಬೇರೆ ಪೆಟ್ಟಿಗೆಗೂ ಹಾಕಬಹುದು, ಆದರೆ ಪ್ರೊಸೆಸರು, ಬೋರ್ಡು ಎರಡೂ ಒಟ್ಟಿಗೇ ಬದಲಾಗಬೇಕು ಎಂದು ಮಗಳು ಮೊದಲೇ ಹೇಳಿದ್ದಳು. ಆದ್ದರಿಂದ ಪಿಗ್ಮಿಯವನು ಬಂದಾಗ, ಇನ್ನು ದಿನಕ್ಕೆ 100 ರೂಪಾಯಿಯದ್ದು ಮಾಡು ಎಂದೆ.

"ಎಂತ ಅಕ್ಕಾ, ಮಗಳ ಮದುವೆಗಾ?" ಎಂದು ನಕ್ಕ.

"ಅಲ್ಲ ಮಾರಾಯ, ಮದರ್‌ಬೋರ್ಡಿಗೆ."

ಅವನಿಗೆ ಏನು ಕೇಳಿಸಿತೋ. ನೂರರ ನೋಟನ್ನು ಚೀಲಕ್ಕೆ ಹಾಕಿ, ಚೀಟಿ ಹರಿದುಕೊಟ್ಟು, ಕೊಡೆ ಬಿಡಿಸಿಕೊಂಡು ಗೇಟು ದಾಟಿದ.