ಕಫದ ಮಾತ್ರೆ, ಗಾಂಜಾ ಚಟ

ಅಸಿಟೈಲ್‌ಸಿಸ್ಟೀನ್. ಕಫ ಕರಗಿಸುವ ಹಳೇ ಔಷಧಿ. ಪ್ಯಾರಾಸಿಟಮಾಲ್ ಮಿತಿಮೀರಿ ನುಂಗಿದವರ ಲಿವರ್ ಉಳಿಸಲೂ ಇದನ್ನೇ ಕೊಡುತ್ತಾರೆ. ನಮ್ಮ ಮೆಡಿಕಲ್ ಶಾಪಿನಲ್ಲಿ ನೀರಿಗೆ ಹಾಕಿದರೆ ಬುಸ್ಸೆನ್ನುವ ಮಾತ್ರೆಯಾಗಿ ಸಿಗುತ್ತದೆ. ಕೊಳೆತ ಮೊಟ್ಟೆಯ ವಾಸನೆ. ಇದಕ್ಕೂ ಹದಿಹರೆಯದವರ ಗಾಂಜಾಕ್ಕೂ ಎಲ್ಲಿಂದೆಲ್ಲಿಯ ನಂಟು?

•

ನಂಟು ಬೆಸೆದದ್ದು ಇಲಿಗಳು. ಕೊಕೇನ್ ರೂಢಿಯಾದ ಇಲಿಯ ಮಿದುಳಿನಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕ ಏರುಪೇರಾಗುತ್ತದೆ. ಈ ಔಷಧಿ ಅದನ್ನು ಹದಕ್ಕೆ ತಂದಾಗ ಇಲಿಗಳು ಮತ್ತೆ ಕೊಕೇನಿನತ್ತ ಓಡುವುದು ಕಡಿಮೆಯಾಯಿತಂತೆ. ಅಮೆರಿಕದಲ್ಲಿ ಗಾಂಜಾ ಚಟಕ್ಕೆಂದೇ ಒಪ್ಪಿಗೆ ಪಡೆದ ಔಷಧಿ ಒಂದೂ ಇಲ್ಲ. ಹಾಗಾಗಿ ಗಾಂಜಾ ಸೇದುವ ಮನುಷ್ಯರ ಮೇಲೂ ನೋಡೋಣವೆಂದುಕೊಂಡರು ಸಂಶೋಧಕರು.

•

ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಕೆವಿನ್ ಗ್ರೇ ತಂಡ ನಡೆಸಿದ ಪ್ರಯೋಗದ ಫಲಿತಾಂಶ 2012ರಲ್ಲಿ ಬಂತು. 15ರಿಂದ 21ರ ವಯಸ್ಸಿನ 116 ಮಂದಿ, ಎಂಟು ವಾರ. ಅರ್ಧ ಜನಕ್ಕೆ ದಿನಕ್ಕೆರಡು ಸಲ 1200 ಮಿಲಿಗ್ರಾಂ ಔಷಧಿ, ಉಳಿದವರಿಗೆ ಹುಸಿಮಾತ್ರೆ. ಮೂತ್ರ ಪರೀಕ್ಷೆಯಲ್ಲಿ ಗಾಂಜಾ ಸಿಗದಿದ್ದದ್ದು ಔಷಧಿಯ ಗುಂಪಿನಲ್ಲಿ ಸುಮಾರು ಶೇ. 41, ಇನ್ನೊಂದರಲ್ಲಿ ಶೇ. 27.

ಚೆನ್ನಾಗಿದೆ. ಆದರೆ ಎರಡೂ ಗುಂಪಿಗೆ ಬಹುಮಾನವಿತ್ತು! ಹೇಳಿದ ದಿನ ಬಂದರೆ ಹಣ, ಮೂತ್ರದಲ್ಲಿ ಗಾಂಜಾ ಇಲ್ಲದಿದ್ದರೆ ಹಣ. ಸತತವಾಗಿ ಬಿಟ್ಟಿದ್ದರೆ ಮೊತ್ತ ಏರುತ್ತದೆ, ತಪ್ಪಿದರೆ ಮತ್ತೆ ಮೊದಲಿನಿಂದ. ಸಮಾಲೋಚನೆಯೂ ಇತ್ತು. ಹುಸಿಮಾತ್ರೆಯವರೂ ಅಷ್ಟು ಮುಂದೆ ಬಂದದ್ದು ಇದರಿಂದಲೇ ಇರಬೇಕು. ಅದರ ಮೇಲಿನ ಹದಿನಾಲ್ಕು ಮಾತ್ರ ಮಾತ್ರೆಯ ಪಾಲು.

•

ಮುಂದಿನ ಗಂಟು ಇನ್ನೂ ಬಿಗಿ. 18ರಿಂದ 50ರ ವಯಸ್ಸಿನ 302 ಜನರ ಮೇಲೆ ಹನ್ನೆರಡು ವಾರ ಇದೇ ಔಷಧಿ, ಜೊತೆಗೆ ಬಹುಮಾನವೂ. 2017ರಲ್ಲಿ ಪ್ರಕಟವಾದ ಲೆಕ್ಕ: ಮೂತ್ರದಲ್ಲಿ ಗಾಂಜಾ ಸಿಗದಿದ್ದದ್ದು ಔಷಧಿಯವರಲ್ಲಿ ಶೇ. 22.3, ಹುಸಿಮಾತ್ರೆಯವರಲ್ಲಿ ಶೇ. 22.4. ಇಷ್ಟು ನಿಷ್ಠುರವಾದ ಸೊನ್ನೆ ಅಪರೂಪ.

ಆಮೇಲೆ ಮತ್ತೆ ಹದಿಹರೆಯದವರ ಮೇಲೆ, ಈ ಸಲ ಬಹುಮಾನ ತೆಗೆದು ನೋಡಿದರು. ಔಷಧಿ ಹುಸಿಮಾತ್ರೆಯನ್ನು ಮೀರಲಿಲ್ಲ.

ಹಾಗಾದರೆ ಚಿಕ್ಕ ವಯಸ್ಸೂ ಬೇಕು, ಬಹುಮಾನವೂ ಬೇಕು, ಆಗ ಮಾತ್ರ ಔಷಧಿ ಕೆಲಸ ಮಾಡುತ್ತದೆಯೇ? ಬಲಿಯುತ್ತಿರುವ ಮಿದುಳು ಹೊಸ ಅಭ್ಯಾಸ ಕಲಿಯುವಾಗ ಗ್ಲುಟಮೇಟಿಗೆ ಕೈಯಾಡಿಸಿದರೆ ಕಲಿಕೆ ಊರುತ್ತದೆ, ಕಲಿಯಲು ಏನೂ ಇಲ್ಲದಿದ್ದರೆ ಔಷಧಿಗೂ ಕೆಲಸವಿಲ್ಲ ಎನ್ನಬಹುದೇನೋ. ಅಥವಾ 116 ಜನರ ಆ ಮೊದಲ ಫಲಿತಾಂಶವೇ ಅದೃಷ್ಟದ್ದಿರಬಹುದು. ನನ್ನ ಮನಸ್ಸು ಎರಡನೆಯದರತ್ತ ವಾಲುತ್ತದೆ, ಬೇಸರದಿಂದಲೇ.

•

ಮೂತ್ರದ ಅಳತೆಗೋಲೂ ಒರಟು. ಗಾಂಜಾದ ಅಂಶ ಕೊಬ್ಬಿನಲ್ಲಿ ಅಡಗಿಕೊಳ್ಳುತ್ತದೆ. ದಿನವೂ ಸೇದುತ್ತಿದ್ದವನು ಬಿಟ್ಟು ವಾರಗಳಾದರೂ ಸಿಕ್ಕಿಬೀಳುತ್ತಾನೆ. ದಿನಕ್ಕೆ ಐದು ಸಲ ಸೇದುತ್ತಿದ್ದವಳು ಒಂದಕ್ಕಿಳಿಸಿದರೆ? ಪರೀಕ್ಷೆ ಆಕೆಯನ್ನೂ ಸೋತವರ ಸಾಲಿಗೇ ಸೇರಿಸುತ್ತದೆ. ಅವಳ ತಾಯಿಯನ್ನು ಕೇಳಿದರೆ ಬೇರೆಯೇ ಹೇಳಿಯಾಳು.

•

ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ ಮತ್ತೇರಿಸುವ ಅಂಶ 1995ರಲ್ಲಿ ಸುಮಾರು ಶೇ. 4 ಇತ್ತು, 2014ಕ್ಕೆ ಸುಮಾರು ಶೇ. 12. ಪ್ರಯೋಗಗಳಲ್ಲಿ ಔಷಧಿಯ ಪ್ರಮಾಣ ಮಾತ್ರ ಅದೇ 1200 ಮಿಲಿಗ್ರಾಂ, ದಿನಕ್ಕೆರಡು ಸಲ.